ಇವಳು ಇದನ್ನ ನೋಡಬಹುದಾ?

ಮಳೆ ಹಿಡಿದಿದ್ದ ಒಂದು ಶನಿವಾರ ಸಂಜೆ ಶಿವಮೊಗ್ಗದಿಂದ ಅಕ್ಕ ಫೋನ್ ಮಾಡಿದಳು. ಅವಳ ಮಗಳು ಒಂಬತ್ತನೇ ತರಗತಿ, ಹದಿನಾಲ್ಕು ತುಂಬಿದೆ. ‘ಅಡೋಲಸೆನ್ಸ್’ ಎಂಬ ವೆಬ್ ಸರಣಿ ನೋಡಲೇಬೇಕು ಎಂದು ಒಂದು ವಾರದಿಂದ ಅಮ್ಮನ ಬೆನ್ನು ಬಿದ್ದಿದ್ದಾಳೆ. ಕ್ಲಾಸಿನಲ್ಲಿ ಅರ್ಧಕ್ಕರ್ಧ ಮಕ್ಕಳು ಆಗಲೇ ನೋಡಿದ್ದಾರಂತೆ. ಹದಿಮೂರು ವರ್ಷದ ಹುಡುಗನೊಬ್ಬ ತನ್ನದೇ ಶಾಲೆಯ ಹುಡುಗಿಯನ್ನು ಕೊಂದ ಕಥೆ ಎಂದು ಕೇಳಿಯೇ ಅಕ್ಕನಿಗೆ ಕೈಕಾಲು ತಣ್ಣಗಾಗಿತ್ತು.

“ನೀನು ಇಷ್ಟು ವರ್ಷ ಮಕ್ಕಳ ಜೊತೆ ಇದ್ದೋಳು. ಮೊದಲು ನೀನು ನೋಡು. ಇವಳು ಇದನ್ನ ನೋಡಬಹುದಾ, ಬೇಡವಾ, ಒಂದು ಮಾತು ಹೇಳಿಬಿಡು ಮಾರಾಯ್ತಿ. ಬೇಡ ಅಂದ್ರೆ ಮನೇಲಿ ಜಗಳ, ಹೂಂ ಅಂದ್ರೆ ನಂಗೆ ನಿದ್ದೆ ಇಲ್ಲ.”

ಇಪ್ಪತ್ತೆರಡು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವಳು ನಾನು. ಹದಿಮೂರರಿಂದ ಹದಿನಾರರ ಮಕ್ಕಳ ಮುಖ ನೋಡಿಯೇ ಬದುಕಿದ್ದೇನೆ. ಆದರೂ ಅಕ್ಕ ಕೇಳಿದ ಆ ಒಂದು ಮಾತು ನನ್ನ ಬಾಯಿಂದ ಅಂದು ಹೊರಡಲಿಲ್ಲ. ಆಯನೂರಿನ ನಮ್ಮ ಮನೆಯಲ್ಲಿ ಆ ರಾತ್ರಿ ಒಬ್ಬಳೇ ಕೂತು ನಾಲ್ಕೂ ಕಂತು ನೋಡಿ ಮುಗಿಸಿದಾಗ ಸಾಗರ ರಸ್ತೆಯ ಲಾರಿಗಳ ಸದ್ದೂ ಕಡಿಮೆಯಾಗಿತ್ತು. ಮಲಗಿದರೆ ನಿದ್ದೆ ಹತ್ತಲಿಲ್ಲ. ಐವತ್ತು ದಾಟಿದ ನನಗೇ ಹೀಗಾದರೆ ಅವಳಿಗೆ ಹೇಗಾದೀತು ಎಂಬುದು ಮೊದಲ ಯೋಚನೆ. ಆಮೇಲೆ ಬೆಳಗಿನ ಜಾವದ ಹೊತ್ತಿಗೆ ಇನ್ನೊಂದು ಯೋಚನೆ ಬಂತು: ನನಗೆ ನಿದ್ದೆ ಬಾರದ್ದು ನಾನು ಅದನ್ನು ಒಬ್ಬಳೇ ನೋಡಿದ್ದಕ್ಕೋ?

ಪರದೆಯ ಮೂಲೆಯಲ್ಲಿ ಐದಾರು ಸೆಕೆಂಡು ಕಂಡು ಮಾಯವಾಗುವ ವಯಸ್ಸಿನ ಗುರುತಿನಿಂದ ಶುರು ಮಾಡೋಣ. ಬಹಳಷ್ಟು ತಂದೆತಾಯಿಗಳು ಆ ಗುರುತನ್ನು ಸರ್ಕಾರದ ಮೊಹರು ಎಂದುಕೊಂಡಿದ್ದಾರೆ. ಚಿತ್ರಮಂದಿರದ ಸಿನಿಮಾಕ್ಕೆ ಅದು ನಿಜ. ಅಲ್ಲಿ ಸೆನ್ಸಾರ್ ಮಂಡಳಿ ಇದೆ. 1983ರವರೆಗೆ ‘ಯು’ ಮತ್ತು ‘ಎ’ ಎಂಬ ಎರಡೇ ಡಬ್ಬಿಗಳಿದ್ದವು. ಆ ವರ್ಷ ನಡುವೆ ‘ಯುಎ’ ಬಂತು. ಹನ್ನೆರಡರೊಳಗಿನ ಮಕ್ಕಳು ಹಿರಿಯರ ಮಾರ್ಗದರ್ಶನದಲ್ಲಿ ನೋಡಲಿ ಎಂಬುದು ಅದರ ಅರ್ಥ. 2023ರ ತಿದ್ದುಪಡಿಯ ನಂತರ ಈ ಯುಎ ಮೂರು ಹೋಳಾಗಿದೆ: 7ರ ಮೇಲೆ, 13ರ ಮೇಲೆ, 16ರ ಮೇಲೆ. ಆದರೆ ಮೊಬೈಲಿನಲ್ಲಿ, ಮನೆಯ ಟಿವಿಯಲ್ಲಿ ಬರುವ ವೆಬ್ ಸರಣಿಗಳು ಸೆನ್ಸಾರ್ ಮಂಡಳಿಯ ಮುಂದೆ ಹೋಗುವುದೇ ಇಲ್ಲ. 2021ರ ಫೆಬ್ರುವರಿ 25ರಂದು ಕೇಂದ್ರ ಸರ್ಕಾರ ಹೊರಡಿಸಿದ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ, ಸರಣಿಯನ್ನು ತೋರಿಸುವ ಕಂಪನಿಯೇ ಅದಕ್ಕೆ ವಯಸ್ಸಿನ ಗುರುತು ಹಾಕಬೇಕು. ಹಿಂಸೆ, ಭಯ, ಮಾದಕ ವಸ್ತು, ಬೈಗುಳ, ಮಕ್ಕಳು ಅನುಕರಿಸಬಹುದಾದ ನಡವಳಿಕೆ, ಇಂಥವು ಇದ್ದರೆ ಶುರುವಿನಲ್ಲೇ ಹೇಳಬೇಕು. 13 ಮತ್ತು ಅದಕ್ಕಿಂತ ಮೇಲಿನ ಗುರುತಿದ್ದರೆ ಪೋಷಕರು ಬೀಗ ಹಾಕುವ ವ್ಯವಸ್ಥೆ ಕೊಡಬೇಕು. ದೂರು ಕೊಟ್ಟರೆ 15 ದಿನದಲ್ಲಿ ತೀರ್ಮಾನ ಹೇಳಬೇಕು.

ಇದರಲ್ಲಿ ಒಂದು ಮಾತನ್ನು ನಿಧಾನವಾಗಿ ಓದಬೇಕು. ‘ಯುಎ 16’ ಎಂದರೆ ಹದಿನಾರು ತುಂಬದವರಿಗೆ ನಿಷೇಧ ಎಂದಲ್ಲ. ಹದಿನಾರರೊಳಗಿನವರು ಪೋಷಕರ ಮಾರ್ಗದರ್ಶನದಲ್ಲಿ ನೋಡಬಹುದು ಎಂದೇ ನಿಯಮ ಹೇಳುತ್ತದೆ. ಪೂರ್ತಿ ಬಾಗಿಲು ಹಾಕುವುದು ‘ಎ’ಗೆ ಮಾತ್ರ. ಹಾಗಾಗಿ ಅಕ್ಕ ನನ್ನನ್ನು ಕೇಳಿದ ಪ್ರಶ್ನೆಯನ್ನೇ ಆ ಗುರುತೂ ಅಕ್ಕನಿಗೆ ವಾಪಸ್ ಕೇಳುತ್ತಿದೆ. ನಿಮ್ಮ ಮಗು, ನೀವು ಪಕ್ಕದಲ್ಲಿರುತ್ತೀರಾ ಎಂದು.

ಬೀಗದ ವಿಷಯವನ್ನೂ ಹೇಳಿಬಿಡುತ್ತೇನೆ. ನಮ್ಮ ಬೀದಿಯ ಏಳೆಂಟು ಮನೆಗಳಲ್ಲಿ ವಿಚಾರಿಸಿದೆ. ಟಿವಿಗೆ ವೈಫೈ ಜೋಡಿಸಿ, ಆ್ಯಪ್ ಹಾಕಿ, ಅಪ್ಪನ ನಂಬರಿಗೆ ಬಂದ ಓಟಿಪಿ ಒತ್ತಿದ್ದು ಎಲ್ಲ ಕಡೆಯೂ ಮಕ್ಕಳೇ. ಬೀಗದ ನಾಲ್ಕಂಕಿ ಇಟ್ಟಿದ್ದರೆ ಇಟ್ಟವರೂ ಅವರೇ. ಮೊಬೈಲ್ ರೀಚಾರ್ಜ್ ಜೊತೆಗೆ ಬಿಟ್ಟಿ ಬಂದ ಚಂದಾ ಇದೆ ಎಂಬುದೇ ಎರಡು ಮನೆಯ ಹಿರಿಯರಿಗೆ ಗೊತ್ತಿರಲಿಲ್ಲ. ಹಾಸ್ಟೆಲ್ ಮಕ್ಕಳಿಗೆ ಅದೂ ಬೇಡ. ಟೆಲಿಗ್ರಾಮಿನಲ್ಲಿ ಇಳಿಸಿಕೊಂಡ ಕಳ್ಳಪ್ರತಿ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ, ಅದರ ಮೂಲೆಯಲ್ಲಿ ಯಾವ ಗುರುತೂ ಇಲ್ಲ. ಇನ್ನು ರೀಲ್ಸ್. ಹದಿನೈದರ ಹುಡುಗನೊಬ್ಬನನ್ನು ಕೇಳಿದೆ, ಒಂದು ಕೊಲೆಗಾರನ ಸರಣಿಯ ಹೆಸರು ಹೇಳಿ, ನೋಡಿದ್ದೀಯಾ ಎಂದು. “ಪೂರ್ತಿ ಇಲ್ಲ ಟೀಚರ್, ಮೇನ್ ಸೀನ್ ಎಲ್ಲಾ ನೋಡಿದೀನಿ” ಎಂದ. ನನಗೆ ನಿಜವಾಗಿ ಭಯವಾದದ್ದು ಆ ಉತ್ತರಕ್ಕೆ. ಎಂಟು ಗಂಟೆಯ ಕಥೆಯಲ್ಲಿ ಕೊಲೆಯ ಅರ್ಧ ನಿಮಿಷ ಮಾತ್ರ, ಅದೂ ತಾಳ ಹೊಡೆಯುವ ಸಂಗೀತ ಹಾಕಿಸಿಕೊಂಡು, ಅವನ ಕೈಗೆ ಬಂದಿದೆ. ಸತ್ತವಳ ಮನೆಯವರು ಏನಾದರು, ಕೊಂದವನ ರಾತ್ರಿಗಳು ಹೇಗೆ ಕಳೆದವು, ಅದ್ಯಾವುದೂ ಬರಲಿಲ್ಲ. ಇಡೀ ಸರಣಿಯನ್ನು ಕೂತು ನೋಡಿದ್ದರೇ ಅವನಿಗೆ ಒಳ್ಳೆಯದಿತ್ತು ಎಂದು ಈಗಲೂ ಅನ್ನಿಸುತ್ತದೆ.

ಕತ್ತಲೆಯ ಕಥೆ ಮಕ್ಕಳಿಗೆ ಬೇಡವೇ ಬೇಡ ಎನ್ನುವವರ ಜೊತೆ ನನಗೆ ಒಪ್ಪಿಗೆ ಇಲ್ಲ. ಕನ್ನಡದ ಮಕ್ಕಳಿಗೆ ನಾವು ಮೊಟ್ಟಮೊದಲು ಹೇಳಿಕೊಡುವ ಕಥೆ ಗೋವಿನ ಹಾಡಿನದು. ಸಾಯಲಿಕ್ಕೆಂದು ಮಾತು ಕೊಟ್ಟ ತಾಯಿ, ಹಾಲಿಗೆ ಅಳುವ ಕರು, ಹಸಿದ ಹುಲಿ, ಕೊನೆಗೆ ಆ ಹುಲಿಯ ಪಶ್ಚಾತ್ತಾಪದ ಸಾವು. ಇದಕ್ಕಿಂತ ಗಾಢವಾದ ಮನಸ್ಸಿನ ಕಥೆಯನ್ನು ಯಾವ ವೆಬ್ ಸರಣಿಯೂ ಒಂದನೇ ತರಗತಿಯ ಮಗುವಿಗೆ ಹೇಳಿದ್ದಿಲ್ಲ. ಕುವೆಂಪು ಅವರ ಕಿಂದರಿಜೋಗಿಯಲ್ಲಿ ಊರಿನ ಮಕ್ಕಳೆಲ್ಲ ಬೆಟ್ಟದೊಳಗೆ ಹೋಗಿಬಿಡುತ್ತಾರೆ, ಕುಂಟ ಹುಡುಗನೊಬ್ಬ ಉಳಿಯುತ್ತಾನೆ. ಆ ಪಾಠ ಮಾಡುವಾಗ ಪ್ರತಿ ವರ್ಷವೂ ಯಾವುದಾದರೂ ಒಂದು ಮಗು “ವಾಪಸ್ ಬಂದ್ರಾ ಟೀಚರ್?” ಎಂದು ಕೇಳಿಯೇ ಕೇಳುತ್ತಿತ್ತು. ನಮ್ಮ ತೀರ್ಥಹಳ್ಳಿ ಸೀಮೆಯ ಗಿರೀಶ ಕಾಸರವಳ್ಳಿಯವರು 1977ರಲ್ಲಿ ಮಾಡಿದ ‘ಘಟಶ್ರಾದ್ಧ’ದಲ್ಲಿ ದೊಡ್ಡವರ ಕ್ರೌರ್ಯವನ್ನೆಲ್ಲ ನಾವು ಕಾಣುವುದು ಪುಟ್ಟ ಹುಡುಗನೊಬ್ಬನ ಕಣ್ಣಿನಲ್ಲೇ.

ಆಯನೂರು ಮಲೆನಾಡಿನ ಬಾಗಿಲು. ಇಲ್ಲಿಂದ ಪಶ್ಚಿಮಕ್ಕೆ ಹೋದಷ್ಟೂ ಯಕ್ಷಗಾನ, ಪೂರ್ವದ ಬಯಲಿಗೆ ಇಳಿದಷ್ಟೂ ಹಾರ್ಮೋನಿಯಂ ಇಟ್ಟು ಆಡುವ ಪೌರಾಣಿಕ ನಾಟಕ. ನಾನು ಎಂಟೊಂಬತ್ತು ವರ್ಷದವಳಿದ್ದಾಗ ಊರ ಹುಡುಗರೆಲ್ಲ ಸೇರಿ ಕಂದಗಲ್ ಹನುಮಂತರಾಯರ ‘ರಕ್ತರಾತ್ರಿ’ ಆಡಿದ್ದರು. ನಡುರಾತ್ರಿ ಅಶ್ವತ್ಥಾಮ ಪಾಂಡವರ ಬಿಡಾರಕ್ಕೆ ನುಗ್ಗಿ ನಿದ್ದೆಯಲ್ಲಿದ್ದ ಐವರು ಮಕ್ಕಳನ್ನು ಕೊಲ್ಲುವ ಕಥೆ ಅದು. ಅಜ್ಜಿಯ ಸೆರಗಿನೊಳಗೆ ಮುಖ ಹುದುಗಿಸಿ ಒಂದು ಕಣ್ಣಿನಲ್ಲಿ ನೋಡುತ್ತಿದ್ದೆ. ಅಜ್ಜಿ ನನ್ನ ಕಣ್ಣು ಮುಚ್ಚಲಿಲ್ಲ. “ಅವನು ಮೇಗಳ ಮನೆ ಹುಡುಗ ಕಣೇ, ನೋಡು ಗಡ್ಡ ಸರಿಯಾಗಿ ಅಂಟಿಲ್ಲ” ಎಂದು ಕಿವಿಯಲ್ಲಿ ಹೇಳಿದಳು. ಮತ್ತೆ ಸ್ವಲ್ಪ ಹೊತ್ತಿಗೆ ಅವಳೇ ಕಣ್ಣೊರೆಸಿಕೊಂಡಳು. ಮರುದಿನ ಬೆಳಿಗ್ಗೆ ಹಾಲು ತರಲು ಹೋದರೆ ಅದೇ ಅಶ್ವತ್ಥಾಮ, ಕಿವಿಯ ಹಿಂದೆ ಇನ್ನೂ ಬಣ್ಣ ಹೋಗಿರಲಿಲ್ಲ, ಚೊಂಬು ಹಿಡಿದು ಸಾಲಿನಲ್ಲಿ ನಿಂತಿದ್ದ. ನನ್ನ ಹೆದರಿಕೆ ಅಲ್ಲೇ ಇಳಿಯಿತು. ಕಥೆಯ ದುಃಖ ಮಾತ್ರ ಉಳಿಯಿತು, ಇವತ್ತಿಗೂ ಉಳಿದಿದೆ. ರೇಡಿಯೋ ಕಾಲದಲ್ಲೂ ಹೀಗೆಯೇ. 1965ರಲ್ಲಿ ಶುರುವಾದ ಭದ್ರಾವತಿ ಆಕಾಶವಾಣಿಯಿಂದ ರಾತ್ರಿ ನಾಟಕ ಬಂದರೆ ಅಡುಗೆಮನೆಯಲ್ಲಿದ್ದವರೂ ಹೊಸ್ತಿಲ ಮೇಲೆ ಬಂದು ಕೂರುತ್ತಿದ್ದರು.

ಆಗ ಎಲ್ಲ ಚೆನ್ನಾಗಿತ್ತು ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ಅಂದಿನ ನಾಟಕಗಳಲ್ಲಿ ಹೆಣ್ಣುಮಕ್ಕಳ ಬಗ್ಗೆ ಆಡಿದ ಎಷ್ಟೋ ಮಾತನ್ನು ಇಂದು ಯಾವ ಮಗುವಿಗೂ ಕೇಳಿಸಲಾರೆ. ನಾನು ಹೇಳುತ್ತಿರುವುದು ನೋಡುವ ರೀತಿಯ ಬಗ್ಗೆ. ಅಂದು ಭಯ ಎಷ್ಟು ದೊಡ್ಡದೋ ಅಷ್ಟೇ ದೊಡ್ಡ ಜನ ಸುತ್ತ ಇತ್ತು. ಇಂದು ಅದೇ ಭಯ ಅಂಗೈಯಗಲದ ಪರದೆಯಲ್ಲಿ, ಕಂಬಳಿಯೊಳಗೆ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ ಒಂದು ಮಗುವಿಗೆ ರಾತ್ರಿ ಹನ್ನೊಂದೂವರೆಗೆ ಸಿಗುತ್ತದೆ. ಕಂತು ಮುಗಿದ ಕೆಲವೇ ಸೆಕೆಂಡಿಗೆ ಮುಂದಿನದು ತಾನಾಗಿ ಶುರುವಾಗುತ್ತದೆ. ಗಡ್ಡ ಅಂಟಿಲ್ಲ ಎಂದು ಹೇಳುವವರು ಯಾರೂ ಇಲ್ಲ.

ಹಾಗಾದರೆ ಸರಣಿಯ ಒಳಗೆ ನೋಡಬೇಕಾದ್ದೇನು? ರಕ್ತ ಎಷ್ಟಿದೆ ಎಂಬುದು ಸುಲಭದ ಅಳತೆ, ಮೂಲೆಯ ಗುರುತೇ ಅದನ್ನು ಹೇಳಿಬಿಡುತ್ತದೆ. ನಾನು ಮೊದಲು ನೋಡುವುದು ಮನಸ್ಸಿನ ಕಾಯಿಲೆಯನ್ನು ಕಥೆ ಏನು ಮಾಡಿಕೊಂಡಿದೆ ಎಂಬುದನ್ನು. ಈ ಅಳತೆಗೋಲು ನನಗೆ ಸಿಕ್ಕಿದ್ದು ನಮ್ಮ ಶಿವಮೊಗ್ಗದಲ್ಲೇ. ಮನೋವೈದ್ಯ ಡಾ. ಅಶೋಕ್ ಪೈ ಅವರನ್ನು ಈ ಜಿಲ್ಲೆಯಲ್ಲಿ ಅರಿಯದವರಿಲ್ಲ. ಮನಸ್ಸಿಗೂ ಕಾಯಿಲೆ ಬರುತ್ತದೆ, ಅದಕ್ಕೂ ಡಾಕ್ಟರ್ ಇದ್ದಾರೆ ಎಂಬುದನ್ನು ಅವರು ಆಸ್ಪತ್ರೆಯಲ್ಲಿ ಕೂತು ಹೇಳಿದ್ದರ ಜೊತೆಗೆ ಪತ್ರಿಕೆಯಲ್ಲಿ ಬರೆದರು, ಅದೂ ಸಾಲದೆಂದು ಸಿನಿಮಾಕ್ಕೂ ಕೈಹಾಕಿದರು. 1980ರ ದಶಕದ ಕೊನೆಯಲ್ಲಿ ಸುರೇಶ್ ಹೆಬ್ಳೀಕರ್ ನಿರ್ದೇಶನದಲ್ಲಿ ಅವರು ನಿರ್ಮಿಸಿದ ‘ಕಾಡಿನ ಬೆಂಕಿ’ ಮನಸ್ಸಿನ ಆಳದ ತೊಡಕನ್ನೇ ಕಥೆ ಮಾಡಿಕೊಂಡ ಚಿತ್ರ, ರಾಷ್ಟ್ರಪ್ರಶಸ್ತಿಯೂ ಬಂತು. 2016ರಲ್ಲಿ ಅವರು ತೀರಿಕೊಂಡರು. ಆ ಚಿತ್ರದಲ್ಲಿ ತೊಡಕಿರುವ ಮನುಷ್ಯನನ್ನು ನೋಡಿ ನಮಗೆ ಅಸಹ್ಯ ಬರುವುದಿಲ್ಲ, ಅವನು ಹೀಗೇಕಾದ ಎಂಬ ಪ್ರಶ್ನೆ ಬರುತ್ತದೆ. ಹಾಗೆಂದು ಹದಿನಾಲ್ಕರ ಹುಡುಗಿಗೆ ನಾನದನ್ನು ತೋರಿಸುವುದಿಲ್ಲ. ದಾಂಪತ್ಯದ ಒಳಗಿನ ವಿಷಯ ಅದು, ಅವಳಿಗೆ ಅದನ್ನು ಇಟ್ಟುಕೊಳ್ಳಲು ಇನ್ನೂ ಜಾಗವಿಲ್ಲ. ಒಳ್ಳೆಯ ಕೃತಿ, ಪ್ರಾಮಾಣಿಕ ಕೃತಿ ಎಂದಾಕ್ಷಣ ಅದು ಎಲ್ಲ ವಯಸ್ಸಿಗೂ ಆಗುತ್ತದೆ ಎಂದು ತಿಳಿಯಬಾರದು.

ತ್ರಿವೇಣಿಯವರ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲರು ತೆರೆಗೆ ತಂದ ‘ಶರಪಂಜರ’ವನ್ನು ಮಾತ್ರ ಯಾವ ಪ್ರೌಢಶಾಲೆಯ ಮಗುವಿನ ಜೊತೆಗೂ ಕೂತು ನೋಡುತ್ತೇನೆ. ಹೆರಿಗೆಯ ನಂತರ ಮನಸ್ಸು ಕೆಟ್ಟು, ಗುಣವಾಗಿ ಮನೆಗೆ ಬಂದವಳನ್ನು ಮನೆಯೇ ಮತ್ತೆ ಹುಚ್ಚಿಗೆ ದೂಡುತ್ತದೆ. ಪಾತ್ರೆ ಬಿದ್ದರೂ ಎಲ್ಲರೂ ತಿರುಗಿ ಅವಳ ಮುಖ ನೋಡುವ ಮನೆ ಅದು. ಅದನ್ನು ನೋಡಿದ ಮಗು ಮುಂದೆ ಯಾರನ್ನಾದರೂ ಹುಚ್ಚಿ ಎಂದು ಕರೆಯುವ ಮೊದಲು ಒಂದು ಗಳಿಗೆ ತಡೆದೀತು. ಇದಕ್ಕೆ ತಿರುಗಿ ಇನ್ನೊಂದು ದಾರಿಯೂ ನಮ್ಮಲ್ಲಿ ಬೆಳೆಯಿತು. 2004ರ ‘ಆಪ್ತಮಿತ್ರ’ ಎಲ್ಲರ ಮನೆಯ ಮಕ್ಕಳೂ ಹತ್ತು ಸಲ ನೋಡಿದ ಚಿತ್ರ, ನಾನೂ ಮೆಚ್ಚಿ ನೋಡಿದ್ದೇನೆ. ಆದರೆ ಎರಡು ವ್ಯಕ್ತಿತ್ವದ ಕಾಯಿಲೆ ಎಂದರೆ ಗೆಜ್ಜೆ ಕಟ್ಟಿ ಕತ್ತಿ ಹಿಡಿಯುವುದು ಎಂದು ಒಂದು ತಲೆಮಾರು ನಂಬಿದ್ದಕ್ಕೆ ಅದೂ ಕಾರಣ. ಇಂದಿನ ಎಷ್ಟೋ ಥ್ರಿಲ್ಲರುಗಳು ಕೊನೆಯ ಕಂತಿನಲ್ಲಿ ಕೊಲೆಗಾರ ಯಾಕೆ ಕೊಂದ ಎಂದು ಹೇಳಬೇಕಾದಾಗ ಒಂದು ಕಾಯಿಲೆಯ ಹೆಸರು ಹೇಳಿ ಕೈತೊಳೆದುಕೊಳ್ಳುತ್ತವೆ. ನಿಜದಲ್ಲಿ ಮನೋರೋಗಿಗಳು ಹಿಂಸೆ ಮಾಡುವುದಕ್ಕಿಂತ ಹಿಂಸೆಗೆ ಗುರಿಯಾಗುವುದೇ ಹೆಚ್ಚು. ಮನೆಯಲ್ಲಿ ಖಿನ್ನತೆಯ ಮಾತ್ರೆ ನುಂಗುವ ಅಮ್ಮ ಇರುವ ಮಗುವೊಂದು ಅಂಥ ಕೊನೆಯ ಕಂತನ್ನು ನೋಡಿ ಏನೆಂದುಕೊಂಡೀತು? ಸರಣಿಯಲ್ಲಿ ಒಂದು ಹನಿ ರಕ್ತ ಇಲ್ಲದಿದ್ದರೂ ಅದು ಆ ಮಗುವಿಗೆ ಆಗಿಬರುವುದಿಲ್ಲ.

ಈಗ ಕನ್ನಡದಲ್ಲೇ ಇಂಥ ಸರಣಿಗಳು ಬರತೊಡಗಿವೆ, ಆದ್ದರಿಂದ ಇಂಗ್ಲಿಷ್ ಅರ್ಥವಾಗುವುದಿಲ್ಲ ಎಂಬ ಹಳೆಯ ಬೇಲಿ ಇನ್ನಿಲ್ಲ. 2025ರ ಜುಲೈಯಲ್ಲಿ ರಮೇಶ್ ಇಂದಿರಾ ನಿರ್ದೇಶನದ ‘ಅಯ್ಯನ ಮನೆ’ ಬಂತು. ಮದುವೆಯಾಗಿ ಬಂದ ಸೊಸೆ, ಆ ಮನೆಯಲ್ಲಿ ಹಿಂದೆ ಸತ್ತ ಸೊಸೆಯರು, ಮನೆದೇವರ ಶಾಪದ ಗುಸುಗುಸು. ಮರುತಿಂಗಳೇ ಪವನ್ ಕುಮಾರ್ ನಟಿಸಿದ ‘ಶೋಧ’ ಬಂತು. ಕಾಣೆಯಾಗಿದ್ದ ಹೆಂಡತಿ ಸಿಕ್ಕಳೆಂದು ಎಲ್ಲರೂ ಹೇಳುವಾಗ ಇವಳು ನನ್ನ ಹೆಂಡತಿಯೇ ಅಲ್ಲ ಎನ್ನುವ ಗಂಡನ ಕಥೆ. ನಮ್ಮ ಮಳೆ, ನಮ್ಮ ಹೆಂಚಿನ ಮನೆ, ನಮ್ಮದೇ ಮಾತು ಇರುವಾಗ ಮಗುವಿಗೆ ಭಯ ಇನ್ನೂ ಹತ್ತಿರ ಬರುತ್ತದೆ. ಅದು ದೋಷವಲ್ಲ. ಆದರೆ ಮಲಗುವ ಕೋಣೆಯ ಕಿಟಕಿಯೂ ಪರದೆಯ ಮೇಲಿನ ಕಿಟಕಿಯೂ ಒಂದೇ ಥರ ಇದ್ದರೆ, ನೋಡುವ ಹೊತ್ತು ಯಾವುದು ಎಂಬುದನ್ನು ಹಿರಿಯರು ಯೋಚಿಸಬೇಕಾಗುತ್ತದೆ.

ಸಾವನ್ನು, ಅದರಲ್ಲೂ ತನ್ನ ಕೈಯಾರೆ ತಂದುಕೊಂಡ ಸಾವನ್ನು ಕಥೆ ಹೇಗೆ ತೋರಿಸುತ್ತದೆ ಎಂಬ ವಿಷಯಕ್ಕೆ ಹೆಚ್ಚು ಹೊತ್ತು ಕೊಡಬೇಕು. ಇದರಲ್ಲಿ ಪ್ರಪಂಚವೇ ಪಾಠ ಕಲಿತದ್ದು ‘13 ರೀಸನ್ಸ್ ವೈ’ ಎಂಬ ಅಮೆರಿಕದ ಸರಣಿಯಿಂದ. 2017ರ ಮಾರ್ಚ್ 31ರಂದು ನೆಟ್‌ಫ್ಲಿಕ್ಸಿನಲ್ಲಿ ಬಂತು. ಪ್ರೌಢಶಾಲೆಯ ಹುಡುಗಿಯೊಬ್ಬಳು ತೀರಿಕೊಂಡಿದ್ದಾಳೆ. ಅದಕ್ಕೆ ಯಾರು ಯಾರು ಹೇಗೆ ಕಾರಣ ಎಂದು ಅವಳೇ ಹೇಳಿಟ್ಟ ಧ್ವನಿಸುರುಳಿಗಳು ಒಬ್ಬೊಬ್ಬರ ಕೈಗೂ ತಲುಪುತ್ತವೆ. ಮಾಡಿದವರ ಉದ್ದೇಶ ಒಳ್ಳೆಯದೇ ಇತ್ತು, ಶಾಲೆಗಳಲ್ಲಿ ನಡೆಯುವ ಕಿರುಕುಳವನ್ನು ಬೆಳಕಿಗೆ ತರುವುದು. ಆದರೆ ಕಥೆಯ ಕಟ್ಟೋಣವನ್ನು ನೋಡಿ. ಸತ್ತ ಮೇಲೂ ಅವಳ ಧ್ವನಿ ನಿಂತಿಲ್ಲ, ಬದುಕಿದ್ದಾಗ ಕಿವಿಗೊಡದವರೆಲ್ಲ ಈಗ ಉಸಿರು ಬಿಗಿಹಿಡಿದು ಕೇಳುತ್ತಾರೆ. ಅವಳು ಸಹಾಯ ಕೇಳಿ ಹೋದ ಶಾಲೆಯ ಆಪ್ತಸಲಹೆಗಾರನಿಂದ ಏನೂ ಆಗುವುದಿಲ್ಲ. ನೊಂದ ಮಗುವಿಗೆ ಈ ಎರಡು ಮಾತು ಸೇರಿ ಹೇಳುವುದೇನು? ಹೇಳಿಕೊಂಡು ಪ್ರಯೋಜನವಿಲ್ಲ, ಹೋದ ಮೇಲಾದರೂ ಕೇಳುತ್ತಾರೆ ಎಂದು. ಇದರ ಮೇಲೆ ಸಾವಿನ ದೃಶ್ಯವನ್ನು ನಿಮಿಷಗಟ್ಟಲೆ ತೋರಿಸಿದ್ದರು.

ನ್ಯೂಜಿಲೆಂಡಿನ ವರ್ಗೀಕರಣ ಕಚೇರಿ ಈ ಒಂದು ಸರಣಿಗಾಗಿಯೇ ಹೊಸ ಗುರುತು ಸೃಷ್ಟಿಸಿತು. ಹದಿನೆಂಟರ ಒಳಗಿನವರು ತಂದೆತಾಯಿ ಅಥವಾ ಪೋಷಕರ ಜೊತೆಗಲ್ಲದೆ ನೋಡುವಂತಿಲ್ಲ ಎಂದು. 2019ರಲ್ಲಿ ಪ್ರಕಟವಾದ ಒಂದು ಅಮೆರಿಕದ ಅಧ್ಯಯನ, ಸರಣಿ ಬಂದ ಮರುತಿಂಗಳಲ್ಲಿ 10ರಿಂದ 17ರ ವಯಸ್ಸಿನವರ ಆತ್ಮಹತ್ಯೆಯ ಪ್ರಮಾಣ ಶೇ 28.9ರಷ್ಟು ಏರಿದ್ದನ್ನು ತೋರಿಸಿತು. ಸರಣಿಯೇ ಕಾರಣ ಎಂದು ಅಧ್ಯಯನ ಹೇಳಲಿಲ್ಲ, ಅದೇ ಅಂಕಿಗಳನ್ನು ಮತ್ತೆ ಲೆಕ್ಕ ಹಾಕಿದ ಬೇರೆ ಸಂಶೋಧಕರು ಅಷ್ಟು ಸ್ಪಷ್ಟ ಸಂಬಂಧ ಕಾಣುವುದಿಲ್ಲ ಎಂದೂ ವಾದಿಸಿದರು. ವಾದ ಏನೇ ಇರಲಿ, 2019ರ ಜುಲೈಯಲ್ಲಿ ನೆಟ್‌ಫ್ಲಿಕ್ಸ್ ವೈದ್ಯರ ಸಲಹೆಯಂತೆ ಆ ದೃಶ್ಯವನ್ನು ತೆಗೆದುಹಾಕಿತು. ಇದಕ್ಕೆ ಎದುರಾದ ಇನ್ನೊಂದು ಸಂಗತಿಯೂ ಇದೆ, ಅದನ್ನು ಅಷ್ಟಾಗಿ ಯಾರೂ ಹೇಳುವುದಿಲ್ಲ. ಸಾವಿನ ಅಂಚಿನವರೆಗೆ ಹೋಗಿ ಹೇಗೋ ದಾಟಿ ಬಂದವರ ಬಗೆಗಿನ ಬರಹಗಳು ಬಂದಾಗ ಆತ್ಮಹತ್ಯೆಗಳು ಕಡಿಮೆಯಾಗಿರುವುದನ್ನು ಆಸ್ಟ್ರಿಯಾದ ಸಂಶೋಧಕರು 2010ರಲ್ಲಿ ತೋರಿಸಿದರು. ಕತ್ತಲೆಯ ಕಥೆ ಕೈಹಿಡಿದು ನಡೆಸಲೂಬಹುದು ಎಂದಾಯಿತು. ಆದ್ದರಿಂದ ನಾನು ಸರಣಿ ನೋಡುವಾಗ ಒಂದನ್ನು ಹುಡುಕುತ್ತೇನೆ: ನೋವಿನಲ್ಲಿರುವ ಪಾತ್ರಕ್ಕೆ ಯಾರಾದರೂ ಒಬ್ಬರು, ಒಬ್ಬರಾದರೂ, ಕಿವಿಗೊಡುತ್ತಾರಾ?

‘ಅಡೋಲಸೆನ್ಸ್’ಗೆ ಬರುತ್ತೇನೆ. ಜಾಕ್ ಥಾರ್ನ್ ಮತ್ತು ಸ್ಟೀಫನ್ ಗ್ರಹಾಂ ಬರೆದು 2025ರ ಮಾರ್ಚ್‌ನಲ್ಲಿ ಬಂದ ಬ್ರಿಟನ್ನಿನ ಸರಣಿ. ಪ್ರತಿ ಕಂತನ್ನೂ ಕ್ಯಾಮೆರಾ ನಿಲ್ಲಿಸದೆ ಒಂದೇ ಉಸಿರಿನಲ್ಲಿ ಚಿತ್ರಿಸಿದ್ದಾರೆ. ಬೆಳಗಿನ ಜಾವ ಪೊಲೀಸರು ಬಾಗಿಲು ಮುರಿದು ನುಗ್ಗುತ್ತಾರೆ, ಹಾಸಿಗೆಯಲ್ಲಿದ್ದ ಹದಿಮೂರರ ಹುಡುಗ ಜೇಮಿ ಹೆದರಿ ಚಡ್ಡಿ ಒದ್ದೆ ಮಾಡಿಕೊಳ್ಳುತ್ತಾನೆ. ಠಾಣೆಯಲ್ಲಿ ಅಲ್ಲಿನ ಕಾನೂನಿನಂತೆ ಹಿರಿಯರೊಬ್ಬರು ಹುಡುಗನ ಪಕ್ಕದಲ್ಲಿ ಕೂರಬೇಕು. ಅವನು ಅಪ್ಪನನ್ನು ಆರಿಸುತ್ತಾನೆ. ಮಗ ಮಾಡಿದ್ದೇನು ಎಂಬುದು ಅಪ್ಪನಿಗೂ ಆ ಮೇಜಿನ ಮೇಲೆ, ಸಿಸಿಟಿವಿಯ ಮಸುಕು ಚಿತ್ರದಲ್ಲಿ ಗೊತ್ತಾಗುತ್ತದೆ. ಕೊಲೆ ನಮಗೆ ಕಾಣುವುದು ಅಷ್ಟೇ, ದೂರದಿಂದ, ಸದ್ದಿಲ್ಲದೆ.

ಆದರೆ ಮೂರನೇ ಕಂತು! ಒಂದು ಕೋಣೆ, ಮನಶ್ಶಾಸ್ತ್ರಜ್ಞೆ, ಹುಡುಗ. ಅವಳು ಅವನಿಗೆಂದು ಬಿಸಿ ಚಾಕೊಲೇಟ್ ತಂದಿದ್ದಾಳೆ, ತನ್ನ ಸ್ಯಾಂಡ್‌ವಿಚ್ಚಿನಲ್ಲಿ ಅರ್ಧ ಕೊಡುತ್ತಾಳೆ. ಮಾತು ನಗುನಗುತ್ತಲೇ ಶುರುವಾಗಿ, ನೋಡನೋಡುತ್ತ ಆ ಎಳೆಯ ಮುಖದೊಳಗಿಂದ ಬೇರೊಬ್ಬ ಎದ್ದು ಬಂದು ಅವಳ ಮೇಲೆ ಕಿರುಚುತ್ತಾನೆ. ಮರುಕ್ಷಣ ಮತ್ತೆ ಮಗು. ಕೊನೆಗೆ ಅವನನ್ನು ಹೊರಗೆ ಎಳೆದುಕೊಂಡು ಹೋಗುವಾಗ ನಾನೆಂದರೆ ನಿಮಗೆ ಇಷ್ಟವಾ ಎಂದು ಕೂಗುತ್ತಲೇ ಇರುತ್ತಾನೆ. ಖಾಲಿ ಕೋಣೆಯಲ್ಲಿ ಅವಳು, ಮೇಜಿನ ಮೇಲೆ ಅವನು ಕಚ್ಚಿಟ್ಟ ಸ್ಯಾಂಡ್‌ವಿಚ್. ಅವನಾಗಿ ನಟಿಸಿದ ಓವೆನ್ ಕೂಪರ್‌ಗೆ ಚಿತ್ರೀಕರಣದ ಹೊತ್ತಿಗೆ ಹದಿನಾಲ್ಕು, ನನ್ನ ಅಕ್ಕನ ಮಗಳಷ್ಟೇ ವಯಸ್ಸು. ಆ ಕಂತು ನೋಡಿ ನಾನು ಎದ್ದು ಹೋಗಿ ನೀರು ಕುಡಿದು ಬಂದೆ. ಅಲ್ಲೇ ನನ್ನ ತೀರ್ಮಾನವೂ ಆಯಿತು. ಈ ಸರಣಿ ಹುಡುಗನನ್ನು ರಾಕ್ಷಸ ಮಾಡಿಲ್ಲ, ಕಾಯಿಲೆಯ ಹೆಸರು ಹೇಳಿ ನುಣುಚಿಕೊಂಡಿಲ್ಲ, ಅವನು ಮಾಡಿದ್ದನ್ನು ಸಣ್ಣದೂ ಮಾಡಿಲ್ಲ. ಕೊಲೆಯಲ್ಲಿ ಎಲ್ಲೂ ಸುಖವಿಲ್ಲ. ಬ್ರಿಟನ್ನಿನ ಪ್ರಧಾನಿ ಇದನ್ನು ಶಾಲೆಗಳಲ್ಲಿ ತೋರಿಸುವ ಯೋಜನೆಗೆ ಬೆಂಬಲ ಕೊಟ್ಟದ್ದು ಯಾಕೆಂದು ಅರ್ಥವಾಯಿತು.

ಅಕ್ಕನಿಗೆ ಹೂಂ ಎಂದೆ, ಷರತ್ತು ಹಾಕಿ. ಒಂದು ಭಾನುವಾರಕ್ಕೆ ಒಂದೇ ಕಂತು. ಮಧ್ಯಾಹ್ನ ಮೂರು ಗಂಟೆಗೆ, ಕಿಟಕಿ ತೆರೆದು, ದೊಡ್ಡ ಪರದೆಯಲ್ಲಿ, ಆಯನೂರಿನ ನಮ್ಮ ಮನೆಯಲ್ಲಿ. ನಿಲ್ಲಿಸು ಎಂದು ಅವಳು ಹೇಳಿದರೆ ನಿಲ್ಲಿಸುವುದು, ಯಾಕೆ ಎಂದು ಕೇಳಬಾರದು.

ಅದೇ ವಾರ ನಮ್ಮ ಬೀದಿಯ ಇನ್ನೊಂದು ಮನೆಯವರು ಇದನ್ನೇ ಕೇಳಿದಾಗ ಬೇಡ ಎಂದೆ. ಆ ಹುಡುಗನಿಗೂ ಹದಿನಾಲ್ಕೇ. ತುಂಬ ಚುರುಕು, ಓದಿನಲ್ಲಿ ಮುಂದೆ. ಆದರೆ ಅಪ್ಪ ತೀರಿಕೊಂಡು ಒಂದು ವರ್ಷವೂ ಆಗಿಲ್ಲ. ರಾತ್ರಿ ಲೈಟ್ ಆರಿಸಲು ಬಿಡುವುದಿಲ್ಲ ಎಂದು ಅವನ ಅಮ್ಮನೇ ಹೇಳಿದ್ದರು. ಅಪ್ಪ ಮಗನ ನಡುವೆ ನಡೆಯುವ ಈ ಕಥೆ ಅವನಿಗೆ ಈಗ ಬೇಡ, ಎರಡು ವರ್ಷ ಬಿಟ್ಟು ನೋಡಲಿ. ವಯಸ್ಸಿನ ಗುರುತು ಇಬ್ಬರು ಮಕ್ಕಳಿಗೂ ಒಂದೇ, ಅದಕ್ಕೆ ಬೇರೆ ದಾರಿಯಿಲ್ಲ. ಮಗು ಈ ತಿಂಗಳು ಹೇಗಿದೆ, ನಿದ್ದೆ ಹೇಗಿದೆ, ಊಟ ಹೇಗಿದೆ, ಕ್ಲಾಸಿನಲ್ಲಿ ಯಾರ ಜೊತೆಗಾದರೂ ಮಾತು ಬಿಟ್ಟಿದೆಯಾ, ಇವನ್ನೆಲ್ಲ ಬಲ್ಲವರು ಮನೆಯವರೇ. ಮಗು ತುಂಬ ಮಂಕಾಗಿದ್ದರೆ, ಸಾಯುವ ಮಾತಾಡಿದರೆ ಸರಣಿಯ ಯೋಚನೆ ಬಿಟ್ಟು ಮೊದಲು ಸಹಾಯ ಕೇಳಬೇಕು. ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿಯೂ ಇದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಪರದೆಯಿಂದ ಕಣ್ಣು ಕೀಳಲಾಗದಷ್ಟು ಅಂಟು ಹತ್ತಿದ್ದರೆ ಅದಕ್ಕೆಂದೇ ಬೆಂಗಳೂರಿನ ನಿಮ್ಹಾನ್ಸ್ 2014ರಿಂದ ಶಟ್ ಎಂಬ ಕ್ಲಿನಿಕ್ ನಡೆಸುತ್ತಿದೆ.

ಮೊದಲ ಭಾನುವಾರ ಅಕ್ಕ, ಅವಳ ಮಗಳು, ನಾನು ಮೂವರೇ. ಭಾವ ಅವರಿಬ್ಬರನ್ನು ಕರೆದುಕೊಂಡು ಬಂದು ಜಗುಲಿಯಲ್ಲಿ ಪೇಪರ್ ಹಿಡಿದು ಕೂತರು. ಎರಡನೇ ವಾರ ಜೇಮಿಯ ಶಾಲೆಯ ಕಂತು. ಅದರಲ್ಲಿ ತನಿಖೆಯ ಪೊಲೀಸ್ ಅಧಿಕಾರಿಗೆ ಅವನ ಸ್ವಂತ ಮಗನೇ ಇನ್‌ಸ್ಟಾಗ್ರಾಂನ ಎಮೋಜಿಗಳ ಗುಟ್ಟು ಬಿಡಿಸಿ ಹೇಳುತ್ತಾನೆ. ಅಪ್ಪ ಸ್ನೇಹದ ಮಾತು ಎಂದುಕೊಂಡಿದ್ದೆಲ್ಲ ಬೈಗುಳವಾಗಿರುತ್ತದೆ. ಅಕ್ಕನ ಮಗಳು ಅಲ್ಲಿ ನಿಲ್ಲಿಸಲು ಹೇಳಿದಳು. ಷರತ್ತಿನಂತೆ ನಾವು ಯಾಕೆ ಎಂದು ಕೇಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವಳೇ, “ನಮ್ಮಲ್ಲಿ ಬೇರೆ ಎಮೋಜಿ” ಎಂದಳು. ಅಷ್ಟೇ. ಮತ್ತೆ ಹಾಕಿ ಎಂದಳು.

ಮೂರನೇ ಕಂತಿಗೆ ಅವಳು ಹೆದರುತ್ತಾಳೆ ಎಂದು ನಾನು ಕಾದೆ. ಅವಳು ಹೆದರಲಿಲ್ಲ, ಕೋಪ ಮಾಡಿಕೊಂಡಳು. “ಚಿಕ್ಕಮ್ಮ, ಎಲ್ಲರೂ ಇವನ ಬಗ್ಗೆನೇ ಕೇಳ್ತಾರೆ. ಸತ್ತುಹೋದ ಹುಡುಗಿ ಬಗ್ಗೆ ಯಾಕೆ ಯಾರೂ ಏನೂ ಹೇಳಲ್ಲ? ಅವಳಿಗೆ ಏನು ಇಷ್ಟ ಇತ್ತು ಅಂತಾನೂ ಗೊತ್ತಾಗಲ್ಲ.” ನಾಲ್ಕೂ ಕಂತನ್ನು ಒಂದೇ ರಾತ್ರಿ ನೋಡಿದ ನನಗೆ ಅದು ಹೊಳೆದಿರಲಿಲ್ಲ. ಸರಣಿಯ ಅತಿ ದೊಡ್ಡ ಕೊರತೆಯನ್ನು ಹದಿನಾಲ್ಕರ ಹುಡುಗಿ ಒಂದು ಕಾಫಿ ಮುಗಿಯುವುದರೊಳಗೆ ಕಂಡುಹಿಡಿದಿದ್ದಳು. ಬಾಗಿಲ ಬಳಿ ನೆರಳು ಕಂಡು ತಿರುಗಿದರೆ ಭಾವ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ.

ನಾಲ್ಕನೇ ಭಾನುವಾರ ಅವರು ಒಳಗೇ ಬಂದು ಮಗಳ ಪಕ್ಕದ ಕುರ್ಚಿಯಲ್ಲಿ ಕೂತರು. ಕೊನೆಯ ಕಂತು ಪೂರ್ತಿ ಅಪ್ಪ ಅಮ್ಮಂದಿರದು. ಮಗ ರಾತ್ರಿಯಿಡೀ ಕೋಣೆಯ ಬಾಗಿಲು ಹಾಕಿಕೊಂಡು ಕಂಪ್ಯೂಟರ್ ಮುಂದೆ ಇರುತ್ತಿದ್ದ, ಮನೆಯೊಳಗೇ ಇದ್ದಾನಲ್ಲ, ಕ್ಷೇಮವಾಗಿದ್ದಾನೆ ಎಂದು ತಾವು ನಂಬಿದ್ದನ್ನು ಅವರಿಬ್ಬರು ಮಂಚದ ಮೇಲೆ ಕೂತು ಮಾತಾಡಿಕೊಳ್ಳುತ್ತಾರೆ. ಆಮೇಲೆ ಅಪ್ಪ ಮಗನ ಕೋಣೆಗೆ ಹೋಗಿ, ಅವನ ಆಟದ ಕರಡಿಗೆ ಹೊದಿಕೆ ಹೊದಿಸುತ್ತಾನೆ. ಮುಗಿದ ಮೇಲೆ ಯಾರೂ ಮಾತಾಡಲಿಲ್ಲ. ಮಳೆ ನಿಂತಿತ್ತು. ಕತ್ತಲಾಗುವುದರೊಳಗೆ ಶಿವಮೊಗ್ಗ ಸೇರಬೇಕೆಂದು ಭಾವ ಎದ್ದು ಹೋಗಿ ಚಪ್ಪಲಿ ಮೆಟ್ಟಿಕೊಂಡರು. ಮೆಟ್ಟಿಕೊಂಡವರು ಅಲ್ಲೇ ನಿಂತು, “ನಿಮ್ಮ ಕ್ಲಾಸಿನ ಗ್ರೂಪಲ್ಲೂ ಹೀಗೆಲ್ಲಾ ಹಾಕ್ತಾರೇನಮ್ಮ?” ಎಂದು ಕೇಳಿದರು.

ಅವಳು ಅಮ್ಮನ ಮುಖ ನೋಡಿದಳು, ನನ್ನ ಮುಖ ನೋಡಿದಳು. “ಒಬ್ಬಳಿಗೆ ಹಾಕ್ತಾರೆ” ಎಂದಳು.

ಭಾವ ಚಪ್ಪಲಿ ಬಿಟ್ಟು ಒಳಗೆ ಬಂದು ಮತ್ತೆ ಅದೇ ಕುರ್ಚಿಯಲ್ಲಿ ಕೂತರು. ಅಕ್ಕ ಎದ್ದು ಇನ್ನೊಂದು ಸುತ್ತಿನ ಕಾಫಿಗೆ ಹಾಲಿಟ್ಟಳು.